ಎದುರುಮನೆಯ ಸಾಹೇಬರ ಠರಾವು

ಮೊನ್ನೆ ಚಳಿ ಬಿತ್ತೆಂದು ಟ್ರಂಕಿನಿಂದ ಕಂಬಳಿ ತೆಗೆದೆ. ಡಾಂಬರುಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಬೇರೆಯವರಿಗೆ ಆ ವಾಸನೆಯಿಂದ ಮದುವೆಯ ಸೀರೆ ನೆನಪಾಗಬಹುದು. ನನಗೆ ನೆನಪಾದದ್ದು ಒಬ್ಬ ಮನುಷ್ಯ. ಮೈಲೂರಿನಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲಿನ ಸಾಹೇಬರು. ಬೀದರದ ಬೇಸಗೆಯಲ್ಲಿ, ಓಣಿಯ ನಾಯಿಗಳು ಗಟಾರಕ್ಕಿಳಿದು ಮಲಗುವ ಹೊತ್ತಿನಲ್ಲೂ, ಅವರು ಕೋಟು ಹಾಕಿಕೊಂಡೇ ಹೊರಗೆ ಬರುತ್ತಿದ್ದರು. ಅವರಿಗಿಂತ ಮೊದಲು ಆ ಗುಳಿಗೆಯ ವಾಸನೆ ಬರುತ್ತಿತ್ತು. ಅವರು ಹೋದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಿತ್ತು...

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ಇದ್ದಷ್ಟು ಹೇಳುತ್ತೇನೆ. ಅವರು ಯಾರಿಗೂ ಬೈಯುತ್ತಿರಲಿಲ್ಲ. ನಳಕ್ಕೆ ನೀರು ಬಂದಾಗ ಸಾಲು ಮುರಿಯುತ್ತಿರಲಿಲ್ಲ. ಅಷ್ಟೇ.

ಅವರ ಅಪ್ಪ ಮಿಷನ್ ಶಾಲೆಯ ಮಾಸ್ತರು. ಮಗ ಓದಿ ದಿಲ್ಲಿಗೆ ಹೋಗಿ ಸರಕಾರಿ ನೌಕರಿ ಹಿಡಿದಿದ್ದರು. ಜಗತ್ತಿನ ದೇಶಗಳೆಲ್ಲ ಕೂಡುವ ದೊಡ್ಡ ಸಭೆ ಒಂದಿದೆಯಲ್ಲ, ಅಲ್ಲಿಗೆ ನಮ್ಮ ದೇಶದವರ ಸಂಗಡ ಹೋಗುವುದು ಅವರ ಕೆಲಸ. ಮಾತಾಡುವವರು ಮುಂದಿನ ಕುರ್ಚಿಯಲ್ಲಿ, ಇವರು ಹಿಂದಿನ ಕುರ್ಚಿಯಲ್ಲಿ. ಮುಂದಿನವರು ಯಾವ ಶಬ್ದ ಹೇಳಬೇಕು, ಯಾವುದು ಬಾಯಿಂದ ಬೀಳಬಾರದು ಎಂದು ಹಿಂದಿನಿಂದ ಚೀಟಿ ಕೊಡುವುದು. ನಿವೃತ್ತಿಯಾದ ಮೇಲೆ ಅಪ್ಪನ ಮನೆಗೆ ಬಂದರು. ಹೆಂಡತಿ ದಿಲ್ಲಿ ಬಿಟ್ಟು ಬರಲಿಲ್ಲ. ಬುದ್ಧಿವಂತೆ.

ನಾನು ಹುಟ್ಟಿದ್ದು ಔರಾದ ತಾಲೂಕಿನ ಚಿಂತಾಕಿ, ಕೊಟ್ಟದ್ದು ಭಾಲ್ಕಿ ಕಡೆಯ ಖಟಕ ಚಿಂಚೋಳಿ. ಎರಡೂ ಕಡೆ ಕುರಿಯವರ ಮನೆ. ಮಗನ ನೌಕರಿಯ ಬೆನ್ನು ಹಿಡಿದು ಮೈಲೂರಿಗೆ ಬಂದವಳು. ಸಂಜೆ ಕಟ್ಟೆಯ ಮೇಲೆ ಕೂತರೆ ಸಾಹೇಬರು ತಮ್ಮ ಸಭೆಯ ಕಥೆ ತೆಗೆಯುತ್ತಿದ್ದರು. 'ಖಂಡಿಸುತ್ತದೆ' ಎಂಬ ಶಬ್ದಕ್ಕೂ 'ಕಳವಳ ವ್ಯಕ್ತಪಡಿಸುತ್ತದೆ' ಎಂಬುದಕ್ಕೂ ನಡುವೆ ಎಷ್ಟು ದೊಡ್ಡ ಹೊಳೆ ಹರಿಯುತ್ತದೆ, ಆ ಹೊಳೆ ದಾಟಿಸಲು ತಾವು ಎಷ್ಟು ದಿನ ನಿದ್ದೆಗೆಟ್ಟರು ಎಂದು.

"ನಮ್ಮ ಕುರಿ ತೋಳ ಒಯ್ದ್ರ ನಾವು ಏನಂತೀವಿ ಗೊತ್ತೇನ್ರಿ ಸಾಹೇಬರ?" ಎಂದು ಒಮ್ಮೆ ಕೇಳಿದೆ. "ತೋಳ ಒಯ್ತು ಅಂತೀವಿ."

ಅವರು ನಕ್ಕರು. "ಅದಕ್ಕೇ ಅಕ್ಕಾ, ನಿಮ್ಮನ್ನ ಆ ಸಭಾಕ್ಕ ಕರಿಯೂದಿಲ್ಲ."

ಆಗ ನಾನೂ ನಕ್ಕಿದ್ದೆ.

ನಮ್ಮ ಪಕ್ಕದ ಮನೆಯವರನ್ನು ಇಡೀ ಓಣಿ ಸಿಸ್ಟರ್ ಎನ್ನುತ್ತಿತ್ತು. ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವರು. ಅವರ ಒಬ್ಬಳೇ ಮಗಳೂ ನರ್ಸ್. ಅವಳು ದುಡಿಯಲು ಹೊರದೇಶಕ್ಕೆ ಹೋಗಿದ್ದಳು. ಆ ದೇಶದ ಹೆಸರು ನನ್ನ ನಾಲಿಗೆಗೆ ಅಂದೂ ಹೊರಳಲಿಲ್ಲ, ಇಂದೂ ಹೊರಳುವುದಿಲ್ಲ. ಒಂದು ದಿನ ಅವಳಿದ್ದ ಊರಿಗೆ ಬಂದೂಕಿನ ಜನ ನುಗ್ಗಿದರು. ಸರಕಾರದ ಸೈನ್ಯ ಓಡಿಹೋಯಿತು. ಬಂದೂಕಿನವರು ಅವಳ ಆಸ್ಪತ್ರೆ ಹಿಡಿದರು, ಗೇಟು ಹಾಕಿದರು.

ಹುಡುಗಿ ಒಮ್ಮೆ ಮಾತ್ರ ಫೋನು ಮಾಡಿದಳು. ನಾನು ಅಲ್ಲೇ ಇದ್ದೆ. ಸಿಸ್ಟರ್ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದಿದ್ದರಿಂದ ನನಗೂ ಕೇಳಿಸಿತು.

"ಅವ್ವಾ, ಹೊರಗ ಬಿಡವಲ್ರು. ಅವರ ಮಂದಿಗಿ ಗಾಯ ಆದ್ರ ನಾವೇ ಪಟ್ಟಿ ಕಟ್ಟಬೇಕು. ದಿಲ್ಲಿಗಿ ಹೇಳು. ಲಗೂನ ಹೇಳು."

ಹೇಳಬೇಕಾದದ್ದು ಇಷ್ಟೇ. ಆದರೆ ದಿಲ್ಲಿಯನ್ನು ಕಂಡವರು ಓಣಿಯಲ್ಲಿ ಒಬ್ಬರೇ. ಸಿಸ್ಟರ್ ಎದುರುಮನೆಗೆ ಹೋದರು.

ಸಾಹೇಬರ ಮುಖ ನೋಡಬೇಕಿತ್ತು. ದುಃಖವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರ ಕೆಳಗೆ ಒಂದು ಬೆಳಕು. ಹೆಣದ ಮನೆಗೆ ಬಂದ ಬಾಜಾ ಬಾರಿಸುವವನ ಮುಖದಲ್ಲಿ ಇರುತ್ತದಲ್ಲ, ಅಂಥದ್ದು. ಕೆಲಸ ಸಿಕ್ಕಿತ್ತು.

"ಒಂಟಿ ಅರ್ಜಿ ಕಸದ ಬುಟ್ಟಿಗಿ ಹೋಗ್ತದ, ಸಿಸ್ಟರ್," ಎಂದರು. "ಇಡೀ ಓಣಿ ಕೂಡಿ ಠರಾವು ಮಾಡೋಣ. ಅದಕ್ಕ ತೂಕ ಇರ್ತದ. ಅಲ್ಲಿ ದೊಡ್ಡ ಸಭಾದಾಗೂ ಇದೇ ಗುಂಪಿನ ಮ್ಯಾಲ ಠರಾವು ತಯಾರಾಗ್ಲಿಕತ್ತದ. ನಮ್ಮ ದೇಶ ಅಲ್ಲಿ ಯಾವ ಶಬ್ದಕ್ಕ ಒಪ್ಪತದೋ, ಅದಕ್ಕಿಂತ ಬಿರುಸು ಶಬ್ದ ನಮ್ಮ ಕಾಗದದಾಗ ಇರಬಾರದು. ಅವರಿಗಿ ಮುಜುಗರ ಆಗ್ತದ."

ಹೀಗೆ ಮೈಲೂರಿನ ಓಣಿಯ ಕಾಗದ ಜಗತ್ತಿನ ಕಾಗದದ ಬಾಲ ಹಿಡಿದು ನಿಂತಿತು.

ಸಿಸ್ಟರ ಮನೆಯ ಹಾಲಿನಲ್ಲಿ ದಿನಾ ಸಂಜೆ ಸಭೆ. ಹಿಟ್ಟಿನ ಗಿರಣಿಯವ, ಭಾಲ್ಕಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವ, ಇನ್ನೂ ಕೆಲವರು. ಸಾಹೇಬರು ಮೊದಲ ದಿನವೇ ಒಂದು ಪದ್ಧತಿ ಕಲಿಸಿದರು. ಯಾವ ಶಬ್ದಕ್ಕಾದರೂ ಒಬ್ಬರು ತಕರಾರು ತೆಗೆದರೆ ಅದರ ಎರಡೂ ಬದಿಗೆ ಗೀಟು ಹಾಕಿ ಕಂಸದಲ್ಲಿ ಇಡುವುದು. ಎಲ್ಲರೂ ಒಪ್ಪಿದ ಮೇಲೆ ಹೊರಗೆ ತೆಗೆಯುವುದು. ಒಂದು ಶಬ್ದ ಕಂಸದೊಳಗೆ ಉಳಿದರೂ ಕಾಗದ ಹೊರಡುವಂತಿಲ್ಲ. ದೊಡ್ಡ ಸಭೆಯಲ್ಲೂ ಹೀಗೆಯೇ ಅಂತೆ.

"ಕಂಸ ಅಂದ್ರ ತಂಗಿ ಮಕ್ಕಳನ್ನ ಕೊಂದಾಂವ ಅಲ್ಲೇನ್ರಿ?" ಎಂದ ಕಂಡಕ್ಟರ್. ಎಲ್ಲರೂ ನಕ್ಕರು. ಸಿಸ್ಟರ್ ನಗಲಿಲ್ಲ.

ಬಂದೂಕಿನವರನ್ನು ಏನೆಂದು ಕರೆಯಬೇಕು ಎಂಬುದಕ್ಕೇ ಬಹಳ ದಿನ ಹೋಯಿತು.

"ಹರಾಮಖೋರರು ಅಂತ ಬರೀರಿ," ಎಂದ ಗಿರಣಿಯವ.

"ಅದು ಠರಾವಿನ ಭಾಷಾ ಅಲ್ಲ. ಸಶಸ್ತ್ರ ಗುಂಪು ಅಂತ ಇಡೋಣ."

"ಗುಂಪು ಅಂದ್ರ ನಮ್ಮ ಭಜನಿ ಮಂದೀನೂ ಗುಂಪೇ ಅಲ್ರಿ ಸಾಹೇಬರ. ಉಗ್ರರು ಅನ್ರಿ."

"ಉಗ್ರರು ಅಂದ್ರ ಅಲ್ಲಿ ಎರಡು ದೊಡ್ಡ ದೇಶ ಒಪ್ಪವಲ್ಲವು. ಕಂಸದಾಗ ಇರ್ಲಿ."

ಆಮೇಲೆ ಆಸ್ಪತ್ರೆಯೊಳಗಿನ ಹುಡುಗಿಯರ ಸರದಿ. ಅವರು ಒತ್ತೆಯಾಳುಗಳೋ, ಸಿಲುಕಿಕೊಂಡವರೋ? ಒತ್ತೆಯಾಳು ಎಂದರೆ ಬಂದೂಕಿನವರಿಗೆ ಸಿಟ್ಟು ಬಂದೀತು, ಹುಡುಗಿಯರಿಗೆ ತ್ರಾಸಾದೀತು ಎಂದು ಸಾಹೇಬರು ತಲೆ ಅಲ್ಲಾಡಿಸಿದರು.

"ಅವರಿಗಿ ಕನ್ನಡ ಓದಲಿಕ್ಕ ಬರ್ತದೇನ್ರಿ?" ಎಂದೆ.

ಸಾಹೇಬರು ಕಾಗದದ ಮೇಲೆ ಇನ್ನೊಂದು ಗೀಟು ಹಾಕಿದರು.

ದಿಲ್ಲಿಯ ಹಳೆಯ ಗೆಳೆಯರಿಗೆ ಫೋನು ಮಾಡಿ ದೊಡ್ಡ ಸಭೆಯ ಸುದ್ದಿಯನ್ನೂ ದಿನಾ ತರುತ್ತಿದ್ದರು. ಕ್ರಿಕೆಟ್ಟಿನ ಸುದ್ದಿ ಹೇಳುವವರ ಉಮೇದಿನಲ್ಲಿ. ಒಂದು ದೇಶ 'ತೀವ್ರವಾಗಿ' ಎಂಬುದಕ್ಕೆ ಒಪ್ಪಿತಂತೆ. ಇನ್ನೊಂದು, ಬಂದೂಕು ಒದಗಿಸಿದವರ ಮಾತಿರುವ ಸಾಲನ್ನು ಕಿತ್ತರೆ ಮಾತ್ರ ತಾನೂ ಒಪ್ಪುತ್ತೇನೆ ಎಂದಿತಂತೆ.

"ಯಾಕ್ರಿ, ಆ ಸಾಲಿನ ಮ್ಯಾಲ ಅವರಿಗ್ಯಾಕ ಸಿಟ್ಟು?" ಎಂದು ಕೇಳಿದೆ.

"ಮೊದಲ ಅವರೇ ಕೊಟ್ಟಿದ್ರಲ್ಲ ಅಕ್ಕಾ, ಬಂದೂಕು."

"ಅದು ಸಭಾದಾಗ ಕೂತವರಿಗಿ ಗೊತ್ತದೇನ್ರಿ?"

"ಎಲ್ಲಾರಿಗೂ ಗೊತ್ತದ," ಎಂದರು, ಹೆಮ್ಮೆಯಿಂದ. ಆ ಹೆಮ್ಮೆ ಯಾತಕ್ಕೆಂದು ನನಗೆ ಆ ಕ್ಷಣ ತಿಳಿಯಿತು. ಎಲ್ಲರಿಗೂ ಗೊತ್ತಿರುವುದು ಯಾರಿಗೂ ಕಾಣದ ಹಾಗೆ ಮುಚ್ಚುವ ಶಬ್ದ ಹುಡುಕುವುದೇ ಇವರ ವಿದ್ಯೆ. ಕೋಟು ಹಾಕಿಕೊಂಡು ವಿಮಾನ ಹತ್ತಿ ಹೋಗಿ ಇಷ್ಟು ವರ್ಷ ಇದನ್ನು ಮಾಡಿ ಬಂದಿದ್ದರು. ಥೂ.

ಇಷ್ಟಕ್ಕೂ ಚಹಾ ಮಾಡುತ್ತಿದ್ದವರು ಯಾರು? ಸಿಸ್ಟರೇ. ಮಗಳು ಗೇಟಿನೊಳಗೆ, ತಾಯಿ ಒಲೆಯ ಮುಂದೆ. ಗಿರಣಿಯವನಿಗೆ ಸಕ್ಕರೆ ಹೆಚ್ಚು, ಸಾಹೇಬರಿಗೆ ಸಕ್ಕರೆಯಿಲ್ಲದ್ದು, ಬಿಸ್ಕೀಟು ಬೇರೆ. ನಮ್ಮ ಚಿಂತಾಕಿಯಲ್ಲಿ ಕುರಿಯವರ ನ್ಯಾಯ ಕೂತರೆ ಹೀಗಲ್ಲ. ಹಿರಿಯರು ಬಿಸಿಲಲ್ಲಿ ನೆಲಕ್ಕೆ ಕೂಡಬೇಕು. ತೀರ್ಮಾನ ಆಗುವ ತನಕ ಯಾರೂ ನೀರು ಮುಟ್ಟುವಂತಿಲ್ಲ, ಹಟ್ಟಿಯಿಂದ ಕುರಿ ಬಿಡುವಂತಿಲ್ಲ. ಹಸಿದ ಕುರಿಗಳು ಒದರತೊಡಗಿದರೆ ಎಂಥ ಮಾತುಗಾರನಿಗೂ ಮಾತು ಬೇಗ ಮುಗಿಯುತ್ತದೆ. ಅದು ನೆನಪಾಗಿ ಒಂದು ಸಂಜೆ ನಾನು ಒಳಗೆ ಹೋಗಿ ಚಹಾದ ಪಾತ್ರೆ ಒಲೆಯಿಂದ ಇಳಿಸಿಬಿಟ್ಟೆ. ಹೊರಗೆ ಬಂದು ಹೇಳಿದೆ.

"ಇವತ್ತ ಚಹಾ ಇಲ್ಲ. ಕಾಗದ ಮುಗೀಲಿ, ಆಮ್ಯಾಲ ಊಟಾನೇ ಹಾಕ್ತೇನಿ."

ಗಿರಣಿಯವನಿಗೆ ತಟ್ಟನೆ ಗಿರಣಿ ನೆನಪಾಯಿತು. ಕಂಡಕ್ಟರನಿಗೆ ಸೊಂಟ ನೋವು. ಸಾಹೇಬರು ಕಾಗದ ಮಡಿಚಿ ಕೋಟಿನ ಕಿಸೆಯಲ್ಲಿಟ್ಟುಕೊಂಡರು. ಮಾರನೆಯ ಸಂಜೆ ಸಭೆ ಅವರ ಕಟ್ಟೆಯ ಮೇಲೆ ನಡೆಯಿತು, ಹೋಟೆಲಿನ ಚಹಾದ ಮೇಲೆ. ಒಬ್ಬರೂ ತಪ್ಪಿಸಲಿಲ್ಲ.

ಆ ಕಟ್ಟೆಯನ್ನು ಸಿಸ್ಟರ್ ತಮ್ಮ ಕಿಟಕಿಯಿಂದ ನೋಡುತ್ತ ನಿಂತಿದ್ದರು. ಬಹಳ ಹೊತ್ತು. ಮಾರನೆಯ ಬೆಳಿಗ್ಗೆ ಚೀಲ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. "ಅಕ್ಕಾ, ನಡೀರಿ."

ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವನಿಗೆ ಸಿಸ್ಟರ್ ನಿಂತುಕೊಂಡೇ ಹೇಳಿದರು, ಪಾಳಿ ಮುಗಿಸಿ ಹೋಗುವ ನರ್ಸ್ ಮುಂದಿನವಳಿಗೆ ಹೇಳಿಹೋಗುವ ಹಾಗೆ. ಮಗಳ ಹೆಸರು ಇದು, ಆಸ್ಪತ್ರೆ ಇದು, ಪಾಸ್‌ಪೋರ್ಟ್ ಇದು, ಹೊರಗೆ ಬಿಡುತ್ತಿಲ್ಲ, ಕರೆತನ್ನಿ. ಅವನು ದಿಲ್ಲಿಯ ಕಚೇರಿಗೆ ಕಳಿಸಿದ. ಬಾಯಲ್ಲಿ ಹಾಕಿದ ಎಲೆ ಅಡಿಕೆ ಅಗಿಯುವಷ್ಟರಲ್ಲಿ ಮುಗಿಯಿತು ಕೆಲಸ.

ಆ ಸಂಜೆಯೇ ದಿಲ್ಲಿಯಿಂದ ಫೋನು. ಹೆಣ್ಣುಮಗಳೊಬ್ಬಳು, ಮೆತ್ತಗೆ ಮಾತಾಡುವವಳು. ಯಾರೋ ವ್ಯಾಪಾರಿಗಳು ನಡುವೆ ಬಿದ್ದು ಬಂದೂಕಿನವರ ಕೂಡ ಮಾತಾಡಿ ಒಂದು ಬಸ್ಸಿಗೆ ದಾರಿ ಮಾಡಿಸಿದ್ದರಂತೆ. ಮನೆಯವರು ತಿಳಿಸಿದ್ದ ಹೆಸರುಗಳನ್ನು ಗೇಟಿನಲ್ಲಿ ಕೂಗಿ, ಓಗೊಟ್ಟವರನ್ನು ಹತ್ತಿಸಿಕೊಂಡರಂತೆ. ಬಸ್ಸು ನಿನ್ನೆ ಬೆಳಿಗ್ಗೆ ಗಡಿ ದಾಟಿತಂತೆ. "ನಿಮ್ಮ ಮಗಳ ವಿಷಯ ನಮಗೆ ಇವತ್ತೇ ಗೊತ್ತಾಯ್ತು," ಎಂದಳಂತೆ. ಮುಂದಿನ ಬಸ್ಸು ಯಾವಾಗ ಎಂದು ಅವಳಿಗೆ ಹೇಳಲಾಗಲಿಲ್ಲ.

ಸಿಸ್ಟರ್ ಫೋನು ಇಟ್ಟು ಇದನ್ನೆಲ್ಲ ನನಗೆ ಹೇಳಿದರು. ಹೇಳಿ, ಕೂತಲ್ಲೇ ಕೂತರು. ನಾನು ಸಮಾಧಾನ ಮಾಡಲಿಲ್ಲ. ಯಾವ ಬಾಯಿಂದ ಮಾಡುವುದು...

ಕೆಲವು ದಿನ ಕಳೆದು ಸಾಹೇಬರು ಪೇಢೆಯ ಡಬ್ಬಿ ಹಿಡಿದುಕೊಂಡು ಬಂದರು. ಇಸ್ತ್ರಿ ಮಾಡಿದ ಕೋಟು.

"ದೊಡ್ಡ ಸಭಾದಾಗ ಒಮ್ಮತ, ಸಿಸ್ಟರ್! ಒಂದು ಮತಾನೂ ವಿರೋಧ ಬೀಳಲಿಲ್ಲ. 'ತೀವ್ರವಾಗಿ ಖಂಡಿಸುತ್ತದೆ' ಅಂತ ಬಂತು. ನಾ ಅಂದಿದ್ನಲ್ಲ, ಆ ಶಬ್ದ ಬರ್ತದ ಅಂತ!"

ಸಿಸ್ಟರ್ ಡಬ್ಬಿ ಇಸಿದುಕೊಂಡರು. "ಹುಡುಗಿ ಎಂದ ಬರ್ತಾಳ್ರಿ?"

"ಅದು... ಜಾರಿಯ ಪ್ರಶ್ನಾ ಆಯ್ತು. ಅದಕ್ಕ ಬ್ಯಾರೆ ಸಮಿತಿ ಅದ."

ಬಸ್ಸಿನ ವಿಷಯ ಆಗ ನಾನು ಹೇಳಿದೆ. ಮೆತ್ತಗೆ ಹೇಳಲಿಲ್ಲ. ನಿಮ್ಮ ಕಿಸೆಯಲ್ಲಿ ಕಾಗದ ಕೂತಿದ್ದಾಗ ಬಸ್ಸು ಹೋಯಿತು ಎಂದೆ. ಸಾಹೇಬರ ಬಣ್ಣ ಇಳಿಯಿತು.

"ವಿಷಾದನೀಯ," ಎಂದರು.

ಅದಕ್ಕೂ ಆ ಮನುಷ್ಯನ ಬಾಯಿಂದ ಸಭೆಯ ಶಬ್ದವೇ ಬಂತು ನೋಡಿ. 'ಅಯ್ಯೋ' ಎಂದಿದ್ದರೆ ನಾನು ಅರ್ಧ ಮರೆಯುತ್ತಿದ್ದೆ. ಪೇಢೆಯನ್ನು ಓಣಿಯ ಆಕಳಿಗೆ ಹಾಕಿದೆ. ಅದು ಖುಷಿಯಿಂದ ತಿಂದಿತು, ಅದಕ್ಕೇನು ಗೊತ್ತು.

ಹುಡುಗಿ ಬಂದದ್ದು ಮತ್ತೊಂದು ಮಳೆಗಾಲ ಕಳೆದ ಮೇಲೆ. ಗೇಟನ್ನು ಠರಾವು ತೆಗೆಯಲಿಲ್ಲ. ಇನ್ನೊಂದು ಬಂದೂಕಿನ ಗುಂಪು ಬಂದು ಮೊದಲಿನದನ್ನು ಓಡಿಸಿತು, ಆ ಗದ್ದಲದಲ್ಲಿ ಒಳಗಿದ್ದ ಹುಡುಗಿಯರು ಹೊರಬಿದ್ದರು. ಅವಳ ಸಂಗಡ ಒಂದೇ ಕೋಣೆಯಲ್ಲಿದ್ದ ಇಬ್ಬರು ಬರಲಿಲ್ಲ. ಅವರ ಮಾತು ಅವಳು ಎತ್ತುವುದಿಲ್ಲ, ನಾವು ಕೇಳುವುದಿಲ್ಲ. ಮೊದಲು ಅವಳ ನಗು ಮೂರು ಮನೆ ಆಚೆಗೆ ಕೇಳುತ್ತಿತ್ತು. ಚರ್ಚಿನಲ್ಲಿ ಹಾಡುವವರ ನಡುವೆ ಅವಳದೇ ಗಟ್ಟಿ ದನಿ. ಈಗ ಬೀದರದಲ್ಲೇ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ, ಕೆಲಸದಲ್ಲಿ ಕುಂದಿಲ್ಲ. ಚರ್ಚಿಗೆ ಹೋಗುತ್ತಾಳೆ. ಹಾಡುವುದಿಲ್ಲ.

ಆಮೇಲೆ ಸಾಹೇಬರಿಗೆ ಸಕ್ಕರೆ ಕಾಯಿಲೆ ಏರಿ ಕಾಲಿನ ಹುಣ್ಣು ಮಾಯದೆ ಹಾಸಿಗೆ ಹಿಡಿದರು. ಪಟ್ಟಿ ಕಟ್ಟಲು ಅವಳೇ ದಿನಾ ಹೋಗುತ್ತಿದ್ದಳು. ನಾನು ಬೇಡವೆಂದೆ. "ಹುಣ್ಣು ಹುಣ್ಣೇ ಆಯಿ," ಎಂದಳು. ಅವಳು ನನ್ನನ್ನು ಆಯಿ ಎನ್ನುತ್ತಾಳೆ. ಒಂದು ದಿನ ಗಂಜಿ ಕೊಡಲೆಂದು ನಾನೂ ಹೋಗಿದ್ದೆ. ಸಾಹೇಬರು ಅವಳ ಕೈ ಕಡೆಗೇ ನೋಡುತ್ತಿದ್ದರು.

"ಬೇಟಿ, ಕ್ಷಮಿಸೀನಿ ಅನ್ನು ಅಂತ ಕೇಳೂದಿಲ್ಲ. ಅದು ದೊಡ್ಡ ಶಬ್ದ," ಎಂದರು. "ನನ್ನ ಮ್ಯಾಲ ದೂರಿಲ್ಲ ಅಂದ್ರ ಸಾಕು."

ಅವಳು ಹಳೆಯ ಪಟ್ಟಿ ಬಿಚ್ಚುತ್ತಿದ್ದಳು.

"ಅದೂ ಆಗದಿದ್ರ... ನೀವು ಹೇಳಿದ್ದು ಗಮನಕ್ಕ ಬಂದದ ಅನ್ನು. ಅಷ್ಟಾದ್ರೂ."

"ಅಂಕಲ್, ಕಾಲು ಅಲುಗಾಡಸಬ್ಯಾಡ್ರಿ," ಎಂದಳು ಅವಳು.

ಸಾಯುವ ಹೊತ್ತಿಗೂ ಒಂದೊಂದು ಮೆಟ್ಟಿಲು ಇಳಿದು ಇಳಿದು ಚೌಕಾಸಿ ಮಾಡಿದ ಮನುಷ್ಯ. ಅದಾದ ಮೇಲೆ ಬಹಳ ದಿನ ಉಳಿಯಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಅಳು ಬರಲಿಲ್ಲ. ಬರಬೇಕಿತ್ತೋ ಏನೋ... ಎದುರುಬಾಗಿಲಿನವರು.

ಆಮೇಲೆ ಸಿಸ್ಟರ್ ಕೂಡ ತೀರಿಹೋದರು. ಅವರಿಗಾಗಿ ಅತ್ತಿದ್ದೆ, ಇಂದಿಗೂ ಅಳುತ್ತೇನೆ.

ಹುಡುಗಿ ಈಗ ಕೆಲಸ ಮುಗಿಸಿ ನಮ್ಮಲ್ಲೇ ಉಣ್ಣುತ್ತಾಳೆ. ನಿನ್ನೆ ಟಿವಿಯಲ್ಲಿ ಮತ್ತೆ ಆ ಸಭೆ ತೋರಿಸಿದರು. ಬೇರೆ ದೇಶ, ಬೇರೆ ಬಂದೂಕಿನವರು, ಅವೇ ಕೋಟುಗಳು. ಠರಾವಿನ ಶಬ್ದಗಳ ಬಗ್ಗೆ ಇನ್ನೂ ಒಮ್ಮತ ಮೂಡಿಲ್ಲ ಎಂದು ಸುದ್ದಿಯವಳು ಹೇಳಿದಳು. ಯಾವ ಶಬ್ದ, ಯಾಕೆ ಎಂದು ಬಿಡಿಸಿ ಹೇಳುವವರು ಓಣಿಯಲ್ಲಿ ಈಗ ಯಾರೂ ಇಲ್ಲ. ಇದ್ದಿದ್ದರೆ ಎದುರಿಗೆ ನಿಲ್ಲಿಸಿ ಬೈಯುತ್ತಿದ್ದೆ. ಬೈಗುಳಕ್ಕೂ ಒಬ್ಬ ಮನುಷ್ಯ ಬೇಕು, ಆ ಮನುಷ್ಯನೂ ಇಲ್ಲ.

ಹುಡುಗಿ ಕೈ ತೊಳೆದು ಹೊರಗೆ ಹೋಗಿ ನಮ್ಮ ಗೇಟಿನ ಚಿಲಕ ನೋಡಿ ಬಂದಳು. ದಿನಾ ಹೀಗೆ ಮಾಡುತ್ತಾಳೆ. ಚಿಲಕ ಬಿದ್ದಿದೆಯೋ ಇಲ್ಲವೋ ಎಂದು ನೋಡುವವಳು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಅವಳು ನೋಡುವುದು, ಒಳಗಿನಿಂದ ಅದು ತೆಗೆಯಲು ಬರುತ್ತದೆಯೋ ಇಲ್ಲವೋ ಎಂದು.