ಮೀನುಗಾರನ ಕೆಂಪು ನಿಲುವಂಗಿ

ನಾನು ಹಟಮಾರಿ. ನಮ್ಮವ್ವ ಇದನ್ನು ಬೈಗುಳವಾಗಿ ಹೇಳುತ್ತಾಳೆ, ನಾನು ಹೊಗಳಿಕೆ ಎಂದುಕೊಂಡಿದ್ದೇನೆ. ಗದಗಿನಿಂದ ಸೂರತ್ತಿಗೆ ಒಡವೆ ರಿಪೇರಿ ಕಲಿಯಲು ಬಂದದ್ದೂ ಹಟದಿಂದಲೇ. ಅಲ್ಲಿನ ಕತಾರ್‌ಗಾಮ್ ಬಡಾವಣೆಯ ಸಣ್ಣ ಕಾರ್ಖಾನೆಯೊಂದರಲ್ಲಿ ನನ್ನ ಮೂರನೇ ವರ್ಷ ನಡೆಯುತ್ತಿದ್ದಾಗ, ಸೆರಗಿಗೆ ಚುಚ್ಚಿಕೊಳ್ಳುವ ಆ ಬ್ರೋಚ್ ನನ್ನ ಮೇಜಿಗೆ ಬಂತು.

ಅದು ವಡೋದರಾದ ಅಲ್ಕಾಪುರಿಯ ಒಬ್ಬ ಹಿರಿಯ ಹೆಂಗಸಿನದು. ಗುಜರಾತಿಯಲ್ಲಿ ಬಾ ಎಂದರೆ ಅಮ್ಮ; ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಅವರ ಮಾವ ಪ್ಯಾರಿಸ್ಸಿನಿಂದ ತಂದದ್ದಂತೆ. ಬೆಂಕಿಪೊಟ್ಟಣದಷ್ಟು ಅಗಲದ ಚಿನ್ನ; ಹಿಂಬದಿಯಲ್ಲಿ ಫ್ರೆಂಚ್ ಚಿನ್ನದ ಗುರುತಾದ ಪುಟ್ಟ ಹದ್ದಿನ ತಲೆ. ಮುಂಬದಿ ಪೂರಾ ಚೀನಾ. ಮೀನಾಕಾರಿ ಗಾಜಿನ ಕಪ್ಪು ಕೊಳ, ಜೇಡ್ ಕಲ್ಲಿನ ಎಲೆ, ಹವಳದ ಸೂರ್ಯ, ವಜ್ರದ ಪುಡಿ ಸುರಿದ ಹಾಗಿದ್ದ ಸೇತುವೆ, ಅದರ ಮೇಲೆ ಕೆಂಪು ನಿಲುವಂಗಿಯ ಮೀನುಗಾರ. ಮಾಡಿದ ಪುಣ್ಯಾತ್ಮ ಚೀನಾ ನೋಡಿರಲಾರ; ಮೀನುಗಾರನ ಮೀಸೆ ಪಕ್ಕಾ ಫ್ರೆಂಚರದು. ಕೊಂಡಿ ಸಡಿಲವಾಗಿತ್ತು, ಅದನ್ನು ಬಿಗಿ ಮಾಡುವುದಷ್ಟೇ ನನ್ನ ಕೆಲಸ.

ಬಿಗಿ ಮಾಡಿದೆ. ಆಮೇಲೆ ಕೈ ತನ್ನ ರೂಢಿಯಂತೆ ಅದನ್ನು ತೊಳೆಯುವ ಯಂತ್ರಕ್ಕೆ ಬಿಟ್ಟಿತು. ಸೂರತ್ತು ವಜ್ರದ ಊರು, ಇಲ್ಲಿ ಕೈಗೆ ಏನೇ ಸಿಕ್ಕರೂ ಆ ನಡುಗುವ ಬಿಸಿನೀರಿಗೆ ಹಾಕುವುದೇ. ವಜ್ರಕ್ಕೆ ಏನೂ ಆಗುವುದಿಲ್ಲ. ಆದರೆ ಮೀನಾಕಾರಿ ಎಂದರೆ ಲೋಹದ ಮೇಲೆ ಕರಗಿಸಿ ಕೂರಿಸಿದ ಗಾಜು, ಅದು ಸಿಡಿಯುತ್ತದೆ. ಮೊದಲ ವರ್ಷದ ಪಾಠವಿದು. ಹೊರತೆಗೆದಾಗ ಮೀನುಗಾರನ ಮೈಮೇಲೆ ನಿಲುವಂಗಿ ಇರಲಿಲ್ಲ, ಬರೀ ಚಿನ್ನದ ಗುಳಿಯಿತ್ತು. ಗಾಬರಿಯಲ್ಲಿ, ಒಡೆದ ಚೂರು ಹುಡುಕದೆ ನೀರನ್ನೂ ಚೆಲ್ಲಿಬಿಟ್ಟೆ.

ಕಾರ್ಖಾನೆಯ ಮಾಲೀಕರಾದ ಶೇಠ್, ಗುಳಿಗೆ ಕೆಂಪು ರಾಳ ತುಂಬಿಬಿಡು ಎಂದರು. ಮುದುಕಿಗೆ ಕಣ್ಣು ಮಂಜು, ಗೊತ್ತಾಗುವುದಿಲ್ಲವಂತೆ. ನಾನು ಹೇಳಿಯೇ ಕೊಡುತ್ತೇನೆ ಎಂದೆ. ಹಾಗಾದರೆ ಮತ್ತೆ ಈ ಮೇಜಿಗೆ ಬರಬೇಡ ಎಂದರು. ಮೂರು ದಿನ ನನಗೆ ಅನ್ನ ಸೇರಲಿಲ್ಲ. ಕೆಲಸ ಹೋದರೆ ಊರಿಗೆ ಮರಳಬೇಕಿತ್ತು. ಫೋನಿನಲ್ಲಿ ಎಲ್ಲ ಕೇಳಿದ ಅವ್ವ ಒಂದೇ ಮಾತಿಗೆ ಮುಗಿಸಿದಳು. “ಹೋಗಿ ಹೇಳಿ ಬಾ. ಬೈದ್ರ ಬೈಸ್ಕೋ.”

ಭಾನುವಾರ ಬೆಳಿಗ್ಗೆ ಬ್ರೋಚ್ ತೆಗೆದುಕೊಂಡು ರೈಲು ಹತ್ತಿದೆ. ವಡೋದರಾ ಸ್ಟೇಷನ್ನಿನಿಂದ ಬಾ ಅವರ ಮನೆಯವರೆಗೂ ಹೇಳಬೇಕಾದ ಹಿಂದಿ ಮಾತುಗಳನ್ನು ಬಾಯಿಪಾಠ ಮಾಡುತ್ತಾ ನಡೆದೆ. ಅವರು ನೀರು ಕೊಟ್ಟರು. ಅದನ್ನು ಕುಡಿಯುವ ಮೊದಲೇ, ನಿಮ್ಮ ಒಡವೆ ನಾನು ಕೆಡಿಸಿದೆ ಎಂದುಬಿಟ್ಟೆ. ಅವರು ಬ್ರೋಚನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಆ ಕೆಂಪು ಉಗುರಿಗೆ ಹಚ್ಚೋ ಬಣ್ಣ, ಬೇಟಾ. ನಾನೇ ಬಳಿದದ್ದು.”

ನಿಜ ಹೇಳಬೇಕೆಂದರೆ ನನಗೆ ಮೊದಲು ಬಂದದ್ದು ಸಿಟ್ಟು. ಉಗುರಿನ ಬಣ್ಣಕ್ಕಾಗಿ ಮೂರು ದಿನ ಉಪವಾಸ! ಅವರು ನಿಧಾನವಾಗಿ ಹೇಳತೊಡಗಿದರು. ಮದುವೆಯಾದ ಹೊಸತರಲ್ಲಿ ಅದು ಅವರ ಕೈಜಾರಿ ಕಲ್ಲಿನ ನೆಲಕ್ಕೆ ಬಿದ್ದು ಮೀನಾಕಾರಿ ಒಡೆದಿತ್ತು. ಬೆಳಿಗ್ಗೆಯಷ್ಟೇ ಒಡವೆಯ ಡಬ್ಬಿಯೊಂದಿಗೆ ಆಡಿದ್ದ ನಾದಿನಿಯ ಮೇಲೆ ಮನೆಯವರಿಗೆ ಗುಮಾನಿ ಬಂತು. ಎಂಟು ವರ್ಷದ ಹುಡುಗಿಗೆ ಅವರ ಕಣ್ಣೆದುರೇ ಏಟು ಬಿತ್ತು. ಇವರು ಬಾಯಿ ಬಿಡಲಿಲ್ಲ. ಮತ್ತೆ ಆ ಮಾತು ಏಳದಿರಲೆಂದು ಗುಳಿಗೆ ಬಣ್ಣ ಬಳಿದರು, ಮಾಸಿದಾಗಲೆಲ್ಲ ಬಳಿಯುತ್ತಲೇ ಬಂದರು.

ಹೇಳದಿದ್ದರೂ ಆಗುತ್ತಿತ್ತಲ್ಲ, ಯಾಕೆ ಬಂದೆ ಎಂದು ಕೇಳಿದರು. ಊಟ ಸೇರಲಿಲ್ಲ ಎಂದೆ.

“ನನಗೆ ಐವತ್ತು ವರ್ಷ ಊಟ ಸೇರಿತು ನೋಡು.”

ಗುಳಿಗೆ ಹೊಸ ಮೀನಾಕಾರಿ ಕೂರಿಸಿಕೊಡುತ್ತೇನೆ ಎಂದೆ. ಬೇಡ, ಹಾಗೇ ಇರಲಿ, ನಾದಿನಿ ನೋಡಬೇಕು ಎಂದು ಒಳಗೆ ಹೋದರು. ಇಸ್ತ್ರಿ ಮಾಡಿದ ಸೀರೆಯುಟ್ಟು, ಬ್ರೋಚನ್ನು ಸೆರಗಿಗೆ ಚುಚ್ಚಿಕೊಂಡು ಹೊರಬಂದರು. ನಾದಿನಿ ಈಗಿರುವುದು ಸೂರತ್ತಿನಲ್ಲಿ. ಮಂಡಿನೋವಿನ ಆ ಜೀವ ನನ್ನ ತೋಳು ಹಿಡಿದು ರೈಲು ಹತ್ತಿತು. ಹೋದದ್ದು ಬರೀ ಉಗುರಿನ ಬಣ್ಣ, ದೂರು ಬರುವುದಿಲ್ಲ, ನನ್ನ ಕೆಲಸ ಉಳಿಯಿತು ಎಂಬುದು ನನಗೆ ಹೊಳೆದದ್ದೇ ದಾರಿಯಲ್ಲಿ ಭರೂಚ್ ದಾಟಿದ ಮೇಲೆ. ಆಗ ಧೈರ್ಯ ಬಂದು, ಇಷ್ಟು ವರ್ಷದ ಮೇಲೆ ನಿಮ್ಮ ನಾದಿನಿಗೆ ಅದೆಲ್ಲ ನೆನಪಿರುತ್ತದೆಯೇ ಎಂದು ಕೇಳಿದೆ.

ಬಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

“ಬಣ್ಣ ಬಳಿದವಳಿಗೇ ನೆನಪಿದೆ. ಏಟು ತಿಂದವಳು ಮರೀತಾಳಾ?”