ಪಂಚಮಿಯ ದಿನ ಹಾಕಿದ ಎರಡು ಇಲಿ

ಅವರ ಬಲಗೈಯ ಹೆಬ್ಬೆರಳು ಅರ್ಧವೇ ಇತ್ತು. ಉಗುರು ಇರಬೇಕಾದಲ್ಲಿ ಸುಲಿದ ಬೆಳ್ಳುಳ್ಳಿ ಎಸಳಿನ ಹಾಗೆ ನುಣ್ಣಗೆ ಹೊಳೆಯುವ ಚರ್ಮ. ಹಾವು ಹಿಡಿಯುವ ಮನುಷ್ಯ ಎಂದು ಗೊತ್ತಿದ್ದವರೆಲ್ಲ ಅದನ್ನು ನೋಡಿ, "ಯಾವ ಹಾವು ಕಡದಿತ್ರಿ?" ಎಂದು ಕೇಳುತ್ತಿದ್ದರು. "ಹಾವು ಪಾಪ ಯಾಕ ಕಡೀತೈತ್ರಿ? ಬೇಲಿಗೆ ಬಿದಿರು ಸೀಳಾಕ ಹೋಗಿ ನನ್ನ ಕುಡಗೋಲ ನನ್ನ ಕಡೀತು" ಎಂದು ನಗುತ್ತಿದ್ದರು.

ದಾಂಡೇಲಿಯಲ್ಲಿ ನಮ್ಮ ಪಕ್ಕದ ಮನೆಯವರು ಅವರು. ಎರಡೂ ಮನೆಗೆ ಹಿತ್ತಲಲ್ಲಿ ಎದೆಮಟ್ಟದ ಒಂದೇ ಗೋಡೆ. ಕಾಗದದ ಮಿಲ್ಲಿನ ಬಿದಿರಿನ ಯಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ರಾಶಿಯಲ್ಲಿ ಹಾವು ಸೇರಿಕೊಂಡರೆ ಹಿಡಿದು, ಚೀಲದಲ್ಲಿ ಹಾಕಿ, ಸೈಕಲ್ಲಿಗೆ ಕಟ್ಟಿ, ಕಾಡಿಗೆ ಬಿಟ್ಟು ಬರುತ್ತಿದ್ದರಂತೆ. ಹೆಂಡತಿ ತೀರಿದ ಮೇಲೆ ಒಬ್ಬರೇ ಇದ್ದರು. ನಾನು ಅವರನ್ನು ಅಣ್ಣಾರು ಅನ್ನುತ್ತಿದ್ದೆ, ಅವರು ನನ್ನನ್ನು ಅಕ್ಕಾರು ಅನ್ನುತ್ತಿದ್ದರು.

ನಾನು ನಾಲ್ಕನೇ ಇಯತ್ತೆ ಓದಿದವಳು. ಬರೆಯುವವಳಲ್ಲ. ಆದರೆ ಈ ವಾರ ಮನಸ್ಸು ಹಾಲು ಉಕ್ಕಿದ ಹಾಗೆ ಉಕ್ಕುತ್ತಿದೆ. ನನ್ನ ಮೊಮ್ಮಗಳಿಗೆ ದನದ ಡಾಕ್ಟರ್ ಓದಲು ಸೀಟು ಸಿಕ್ಕಿದೆ! ನಮ್ಮ ವಂಶದಲ್ಲಿ ಡಾಕ್ಟರ್ ಎಂಬ ಮಾತು ಬಂದದ್ದೇ ಇದು ಮೊದಲು. ಓಣಿಯ ಉದ್ದಕ್ಕೂ ನಾನೇ ನಡೆದು ಪೇಡೆ ಹಂಚಿದೆ, ಮೊಣಕಾಲು ನೋವು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಂಥ ಸಂತೋಷದ ನಡುವೆ ನಾನು ತಲೆ ತಗ್ಗಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ. ಯಾಕೆಂದು ಹೇಳುತ್ತೇನೆ.

ಐದು ವರ್ಷದ ಹಿಂದಿನ ಮಾತು. ಮೊಮ್ಮಗಳಿಗೆ ಆಗ ಹದಿಮೂರು. ಹುಬ್ಬಳ್ಳಿಯಲ್ಲಿ ನನ್ನ ಮಗನ ಗೆಳೆಯರೊಬ್ಬರು ಊರು ಬಿಡುವಾಗ, ತಾವು ಸಾಕಿದ್ದ ಹಾವನ್ನು ಕಾಗದಪತ್ರ ಸಮೇತ ಇವಳಿಗೆ ಕೊಟ್ಟರು. ಬಾಲ್ ಪೈಥಾನ್ ಅಂತ, ಆಫ್ರಿಕಾದ ಸಣ್ಣ ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗಿಟ್ಟು ಉಂಡೆಯಾಗುತ್ತದೆ. ಅದು ತಿನ್ನುವುದು ಇಲಿ. ಪೇಟೆಯಿಂದ ಬರುವ, ಬರ್ಫದ ಹಾಗೆ ಗಟ್ಟಿಯಾದ ಸತ್ತ ಇಲಿ. ನಮ್ಮದು ಮಾಂಸ ಮುಟ್ಟದ ಮನೆ. ಮೊಸರಿನ ಪಕ್ಕ ಇಲಿ ಇಟ್ಟರೆ ನಾನು ಮನೆ ಬಿಡುತ್ತೇನೆ ಎಂದೆ. ಆಗ ಗೋಡೆಯಾಚೆಯಿಂದ ಅಣ್ಣಾರು ಮೊಮ್ಮಗಳಿಗೆ, "ತಾ ಅವ್ವಿ, ನನ್ನ ಫ್ರಿಜ್ಜಿನ್ಯಾಗ ಇಡು. ಅದರಾಗ ಒಂದು ಹಾಲಿನ ಪಾಕೀಟು ಬಿಟ್ರ ಏನೂ ಇಲ್ಲ. ಅದಕ್ಕೂ ಜೊತಿ ಆಗ್ತೈತಿ" ಎಂದರು.

ಅಂದಿನಿಂದ ಅವರೇ ಅವಳ ಗುರು. ಅವಳು ಮೊಬೈಲು ನೋಡಿ ಓದುವಳು, ಅವರು ಬಿದಿರಿನ ರಾಶಿಯ ಹೆಬ್ಬಾವುಗಳನ್ನು ನೆನೆದು ಹೌದು, ಅಲ್ಲ ಎನ್ನುವರು. ಹಾವಿನ ನಡುವಿಗೆ ದಾರ ಸುತ್ತಿ, ಆ ಅರ್ಧ ಬೆರಳಿನಿಂದ ಒತ್ತಿ ಹಿಡಿದು ಅಳತೆ ತೆಗೆಯುವರು. "ಇಲಿ ಇಷ್ಟ ದಪ್ಪ ಇರಬೇಕು, ಇದಕ್ಕಿಂತ ದಪ್ಪ ಬ್ಯಾಡ. ವಾರಕ್ಕೊಂದು. ದೊಡ್ಡದಾದ ಮ್ಯಾಲ ಎರಡು ಮೂರು ವಾರಕ್ಕೊಂದು. ಉಂಡ ಮ್ಯಾಲ ಎರಡು ದಿನ ಮುಟ್ಟಬಾರದು." ಹಾಕಿದ ದಿನ ನಮ್ಮ ಕ್ಯಾಲೆಂಡರಿನಲ್ಲಿ ಸಿಂಬೆ ಸುತ್ತಿದ ಹಾಗೆ ಒಂದು ಗುರುತು ಹಾಕುವರು.

ನನಗೆ ಇದು ಸೇರುತ್ತಿರಲಿಲ್ಲ. ನಾನು ಉಣಿಸುವ ಹೆಂಗಸು. ನನ್ನ ಮನೆಗೆ ಬಂದವರು ಹೊಟ್ಟೆ ಹಿಡಿದುಕೊಂಡೇ ಹೋಗಬೇಕು. ಅವರು ಮಾತ್ರ ದಿನಕ್ಕೆ ಒಂದೇ ಹೊತ್ತು ಉಣ್ಣುವವರು. ಎರಡನೆಯ ರೊಟ್ಟಿ ಹಾಕಲು ಹೋದರೆ ತಾಟಿನ ಮೇಲೆ ಅಂಗೈ ಮುಚ್ಚುವರು.

"ಅಣ್ಣಾರ, ವಾರಕ್ಕ ಒಂದ ತುತ್ತು ಅಂದ್ರ ಆ ಜೀವಾ ಹೆಂಗ ತಡಕೋಬೇಕ್ರಿ?"

"ಅಕ್ಕಾರ, ನೀವು ಉಣಸೂದು ನಿಮ್ಮ ಸಮಾಧಾನಕ್ಕ. ಅದರ ಹೊಟ್ಟಿ ನಿಮ್ಮ ಮಾತು ಕೇಳೂದಿಲ್ಲ."

ಆ ವರ್ಷ ಪಂಚಮಿಗೆ ಸೊಸೆ ಮಗಳನ್ನು ಕರೆದುಕೊಂಡು ಹಳಿಯಾಳಕ್ಕೆ ತವರಿಗೆ ಹೋದಳು. ಅಣ್ಣಾರು ಅಂಬಿಕಾನಗರದ ಮಗಳ ಮನೆಗೆ ಹೊರಟರು. ಹೋಗುವಾಗ ತಮ್ಮ ಮನೆಯ ಕೀಲಿ ನನ್ನ ಕೈಗೆ ಕೊಟ್ಟು, "ಹಾವಿಗೆ ಮೊನ್ನೆರ ಹಾಕೇನಿ. ನೀರೊಂದು ನೋಡ್ರಿ. ಹಬ್ಬ ಅಂತ ಹಾಲು ಗೀಲು ಇಟ್ಟೀರಿ ಮತ್ತ, ಅದು ಕುಡಿಯೂದಿಲ್ಲ" ಎಂದರು. ಹಾಲು ಇಡುವುದಿಲ್ಲ ಎಂದು ಮಾತು ಕೊಟ್ಟೆ. ಮಾತು ಉಳಿಸಿಕೊಂಡೆ ಕೂಡ.

ಪಂಚಮಿಯ ದಿನ ಉಂಡೆ ಕಟ್ಟಿ ಮುಗಿಸಿ ಕೂತಿದ್ದೆ. ಶೇಂಗಾದುಂಡೆ, ಎಳ್ಳುಂಡೆ, ಅಳ್ಳಿಟ್ಟಿನುಂಡೆ. ನಮ್ಮ ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಹಾವು ಅತ್ತಿಂದಿತ್ತ ಹರಿಯುತ್ತ, ಗಾಜಿಗೆ ಮೂತಿ ಒತ್ತಿ ನಾಲಿಗೆ ಚಾಚುತ್ತಿತ್ತು. ಊರೆಲ್ಲ ಹುತ್ತಕ್ಕೆ ಹೋಗಿ ಕಲ್ಲಿನ ನಾಗಪ್ಪನಿಗೆ ಎರೆಯುತ್ತಿರುವಾಗ, ನನ್ನ ಮನೆಯ ಜೀವಂತ ನಾಗಪ್ಪ ತನ್ನ ಹಬ್ಬದ ದಿನ ಉಪವಾಸ! ಕರುಳು ತಡೆಯಲಿಲ್ಲ. ಪಕ್ಕದ ಮನೆಯ ಕೀಲಿ ತೆಗೆದೆ. ಒಂದು ಅಂದರೆ ಹಬ್ಬದ ದಿನ ಏನು ಚೆಂದ ಎಂದು ಎರಡು ಇಲಿ ತೆಗೆದುಕೊಂಡೆ. ಹಿತ್ತಲಲ್ಲಿ, ಹಳೆಯ ಲೋಟದ ಬಿಸಿನೀರಿನಲ್ಲಿ ಅವು ಮೆತ್ತಗಾಗುವ ತನಕ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತೆ. ಇಕ್ಕಳದಲ್ಲಿ ಹಿಡಿದು ಕೊಟ್ಟೆ. ಎರಡನ್ನೂ ನುಂಗಿತು. ನನಗಾದ ಸಂತೋಷ ಹೇಳತೀರದು! ಆಮೇಲೆ ಲೋಟ ಎಸೆದೆ, ತಲೆಮೇಲೆ ನೀರು ಹೊಯ್ದುಕೊಂಡೆ. ಹಬ್ಬದ ದಿನ ಇಲಿ ಮುಟ್ಟಿದವಳು ಎಂದು ಯಾರಿಗೆ ಹೇಳಲಿ?

ಮರುದಿನ ಮುಂಜಾನೆ ಮೊಮ್ಮಗಳು ಬಂದವಳೇ ಹಾವನ್ನು ಎತ್ತಿಕೊಂಡಳು. ಬೇಡ ಅನ್ನಬೇಕಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದು ಸುಮ್ಮನಿದ್ದೆ. ಅವಳ ಮಡಿಲಲ್ಲೇ ಅದು ಬಾಯಿ ಅಗಲಿಸಿ ಕಕ್ಕಿತು. ಒಂದು, ಹಿಂದೆ ಇನ್ನೊಂದು. ನಾರುವ ನಾತ. ಹುಡುಗಿ ಚೀರಿದಳು. ಆಗಷ್ಟೇ ಊರಿಂದ ಬಂದಿದ್ದ ಅಣ್ಣಾರು ಚಪ್ಪಲಿ ಬಿಡದೆ ಓಡಿಬಂದರು.

"ಅಜ್ಜಾರ, ಊರಿಗೆ ಹೋಗೂ ಮುಂದ ಮತ್ತ ಹಾಕಿದ್ರೇನು? ಎರಡೆರಡು?"

ನನ್ನ ಮೇಲೆ ಅವಳಿಗೆ ಸಂಶಯವೇ ಬರಲಿಲ್ಲ. ಇಲಿಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವ ಅಜ್ಜಿ ನಾನು, ಅವಳ ಆಯಿ. ಅವರು ಕ್ಯಾಲೆಂಡರ್ ನೋಡಿದರು. ಕಿಟಕಿಯಲ್ಲಿ ತೊಳೆದು ಒರಗಿಸಿದ್ದ ಇಕ್ಕಳ ನೋಡಿದರು. ಆಮೇಲೆ ನನ್ನನ್ನು. ನಾನು ಸೆರಗು ಬಾಯಿಗಿಟ್ಟು ನಿಂತಿದ್ದೆ.

"ಹೂಂ ಅವ್ವಿ, ನಾನ ಹಾಕಿದೆ" ಎಂದರು. "ಹಬ್ಬ ಅಂತ ಕರಳು ತಡೀಲಿಲ್ಲ."

ನನ್ನ ಎದೆಯೊಳಗಿನ ಮಾತನ್ನೇ ತಮ್ಮದೆಂದು ಹೇಳಿದರು. ನಾನು ಬಾಯಿ ಬಿಡಲಿಲ್ಲ.

"ಹೇಳಿಕೊಟ್ಟವರು ನೀವ, ತಪ್ಪಿದವರೂ ನೀವ! ಇನ್ನ ಮ್ಯಾಲ ನನ್ನ ಹಾವು ಮುಟ್ಟಬ್ಯಾಡ್ರಿ. ನಮ್ಮನಿಗೂ ಬರಬ್ಯಾಡ್ರಿ."

ಅವರು ಕಿಸೆಯಿಂದ ಅಳತೆಯ ದಾರ ತೆಗೆದು ಪೆಟ್ಟಿಗೆಯ ಮೇಲಿಟ್ಟರು. "ಹದಿನೈದು ದಿನ ಏನೂ ಹಾಕಬ್ಯಾಡ, ನೀರು ಇರ್ಲಿ. ಆಮ್ಯಾಲ ಸಣ್ಣದೊಂದು" ಎಂದು ಹೇಳಿ ಹೋದರು.

ಹದಿನೈದು ದಿನ ಕಳೆಯಿತು, ತಿಂಗಳಾಯಿತು, ಹಾವು ಬಾಯಿ ತೆರೆಯಲಿಲ್ಲ. ಅವಳು ದಿನಾ ಅದರ ಮುಂದೆ ಕೂತು ಅಳುವಳು. ಅವರು ದಿನಾ ಮುಂಜಾನೆ ಹಿತ್ತಲ ಗೋಡೆಯ ಮೇಲಿಂದ "ಉಂಡಿತೇನು?" ಎಂದು ಕೇಳುವರು. ಹುಡುಗಿ ಬೆನ್ನು ತಿರುಗಿಸಿ ಒಳಗೆ ಹೋಗುವಳು. ನಾನು ಪಾತ್ರೆಯ ಕಡೆ ನೋಡುತ್ತ, "ಇಲ್ರಿ" ಎನ್ನುವೆ. ನನ್ನದೇ ತಪ್ಪೆಂದು ಅವರ ಮುಂದೆಯಾದರೂ ಒಪ್ಪಿಕೊಳ್ಳಬಹುದಿತ್ತು. ಅಷ್ಟೂ ಆಗಲಿಲ್ಲ. ಅವರೂ ಕೆದಕಲಿಲ್ಲ.

ದೀಪಾವಳಿಯ ಹೊತ್ತಿಗೆ ಅವರಿಗೆ ಉಸಿರಾಟದ ತೊಂದರೆ ಹೆಚ್ಚಿತು. ಮಗಳು ಬಂದು ಧಾರವಾಡದ ದವಾಖಾನೆಗೆ ಕರೆದೊಯ್ದಳು. ಗಾಡಿ ಹತ್ತುವಾಗಲೂ ಕೇಳಿದರು, "ಉಂಡಿತೇನ್ರಿ ಅಕ್ಕಾರ?"

"ಇಲ್ರಿ ಅಣ್ಣಾರ."

"ಉಣ್ಣತೈತಿ ಬಿಡ್ರಿ. ತನ್ನ ಹಸಿವಿ ಅದಕ್ಕ ಗೊತ್ತೈತಿ."

ಅವರು ದವಾಖಾನೆಗೆ ಹೋದ ನಾಲ್ಕನೆಯ ದಿನ ಹಾವು ಉಂಡಿತು. ಬಂದ ಮೇಲೆ ಎಲ್ಲ ಹೇಳಿಬಿಡಬೇಕೆಂದು ಕಾದೆ. ಅವರು ಬರಲಿಲ್ಲ. ಅವರ ಸುದ್ದಿ ಬಂತು.

ಮೊನ್ನೆ ಪೇಡೆ ಹಂಚುವಾಗ ಯಾರೋ ಮೊಮ್ಮಗಳನ್ನು, ದನದ ಡಾಕ್ಟರ್ ಆಗುವ ಹುಚ್ಚು ಹೇಗೆ ಹತ್ತಿತು ಎಂದು ಕೇಳಿದರು. "ನಮ್ಮ ಬಾಜೂಮನಿ ಅಜ್ಜಾರು ಹಬ್ಬ ಅಂತ ನನ್ನ ಹಾವಿಗೆ ಎರಡೆರಡು ಇಲಿ ತಿನಿಸಿ ಕೊಲ್ಲಾಕ ಹತ್ತಿದ್ರು, ಅವತ್ತ ಠರಾವು ಮಾಡಿದೆ" ಎಂದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಸತ್ತವರ ಮೇಲೆ ನನ್ನ ತಪ್ಪು ಹೊರಿಸಿ, ಪೇಡೆಯ ಡಬ್ಬಿ ಹಿಡಿದು ನಕ್ಕೆ. ಮನೆಗೆ ಬಂದು ಅವಳನ್ನು ಕೂಡಿಸಿಕೊಂಡು ಎಲ್ಲ ಹೇಳಿದೆ.

ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಆ ಹಳೆಯ ದಾರವನ್ನು ಬೆರಳಿಗೆ ಸುತ್ತುತ್ತ ಕೂತಳು. ಈಗ ಅದು ಹಾವಿನ ನಡುವಿಗೆ ಅರ್ಧಕ್ಕೂ ಸಾಲದು.

"ಆಯಿ, ಅವರು ದಿನಾ ಕೇಳತಿದ್ರಲ್ಲ. ನಾ ಒಂದು ದಿನಾನೂ ಹೊಳ್ಳಿ ನೋಡಲಿಲ್ಲ." ಆಮೇಲೆ ಕಣ್ಣು ಒರೆಸಿಕೊಂಡು, "ಇದನ್ನ ಬರಿ. ನಾ ಎಷ್ಟು ಮಂದಿಗೆ ಆ ಕತಿ ಹೇಳೇನಿ, ಅಷ್ಟೂ ಮಂದಿ ಓದಬೇಕು" ಎಂದಳು. ಅದಕ್ಕೇ ಬರೆದೆ.

ಇದನ್ನು ಬರೆದು ಮುಗಿಸುವಷ್ಟರಲ್ಲಿ ಮೊಮ್ಮಗಳು ಓದಲು ಹೋದಳು. ಹಾವು ಈಗ ನನ್ನ ಪಾಲಿಗೆ. ನಿನ್ನೆ ಅದರ ದಿನವಾಗಿತ್ತು. ಉಣಿಸಿ, ಕೈ ತೊಳೆದು, ಕ್ಯಾಲೆಂಡರಿನಲ್ಲಿ ಸಿಂಬೆ ಬರೆದು ಹಿತ್ತಲಿಗೆ ಹೋದೆ. ಗೋಡೆಯಾಚೆ ಬೇರೆ ಯಾರದೋ ಅರಿವೆ ಒಣಗುತ್ತಿದ್ದವು.

"ಉಂಡಿತ್ರಿ ಅಣ್ಣಾರ" ಎಂದೆ. "ಒಂದ ಹಾಕೇನಿ."