ಬಸಣ್ಣ ಮಾಸ್ಟ್ರ ಕೈಗೆ ಒಗ್ಗಿದ ನಾಬ್

ಕಳೆದ ಭಾನುವಾರ ಟೇಲರೊಬ್ಬರು ಕೀಬೋರ್ಡಿಗೆ ಬೈದರು. ಅದು ತಿದ್ದಿಕೊಂಡಿತು! ಕಣ್ಣಾರೆ ಕಂಡಿದ್ದೇನೆ, ನಂಬಿ.

ಬಸಣ್ಣ ಮಾಸ್ಟ್ರು ನಮ್ಮ ಪಕ್ಕದ ಮನೆಯವರು. ಬಳ್ಳಾರಿಯ ಜೀನ್ಸ್ ಯೂನಿಟ್ಟೊಂದರಲ್ಲಿ ಕಟಿಂಗ್ ಮಾಸ್ಟರ್. ಅದಕ್ಕೂ ಮೊದಲು ಸಿರುಗುಪ್ಪದಲ್ಲಿ ವರ್ಷಗಟ್ಟಲೆ ಹೊಲಿಗೆ ಮಷಿನ್ನಿನ ಮುಂದೆ ಕೂತವರು. ಹೋದ ವರ್ಷ ಲಕ್ವ ಹೊಡೆದು ಬಲಗೈಯ ಹಿಡಿತ ತಪ್ಪಿತು. ಕತ್ತರಿ ಬಿಟ್ಟರು. "ಕಂಪ್ಯೂಟರ್‌ನಾಗ ಬಟ್ಟಿ ಉಳಿಯೂ ಹಂಗ ಪ್ಯಾಂಟಿನ ತುಂಡು ಜೋಡಿಸಿ ತೋರಿಸ್ರಿ, ಕೆಲ್ಸ ನಿಮ್ದ" ಎಂದು ಓನರ್ ಸೋಮವಾರದ ಗಡುವು ಕೊಟ್ಟಿದ್ದರು. ಆದರೆ ಮೌಸ್ ಹಿಡಿದರೆ ಬಾಣದ ಗುರುತು ಪರದೆ ತುಂಬಾ ಕುಣಿಯುತ್ತಿತ್ತು. ಕೆಲಸವಿಲ್ಲದೆ ಮನೆಯಲ್ಲಿ ಕೂರುವ ಮನುಷ್ಯರಾ ಇವರು?

ಮಗಳು ಗಂಗಾ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವವಳು. ಅಪ್ಪನಿಗೆಂದೇ ಅಂಗೈಯಗಲದ ಕೀಬೋರ್ಡ್ ಮಾಡಿದಳು. ನಾಲ್ಕು ಕೀ, ಬಲಬದಿಗೆ ಒಂದು ತಿರುಗುವ ನಾಬ್. (ರೋಟರಿ ಎನ್‌ಕೋಡರ್ ಅಂತೆ. ನನ್ನ ಕಣ್ಣಿಗೆ ಹಳೇ ರೇಡಿಯೊದ ಕಿವಿ.) ಒಂದು 'ಟಿಕ್' ತಿರುಗಿಸಿದರೆ ಪರದೆಯ ಮೇಲಿನ ತುಂಡು ಒಂದು ಗೆರೆ ಸರಿಯಬೇಕು.

ಮಾಸ್ಟ್ರು ತಮ್ಮ ಕಡೆಗೆ ತಿರುಗಿಸಿದರು. ತುಂಡು ಹಿಂದಕ್ಕೆ ಬಂತು. ಮತ್ತೆ ತಿರುಗಿಸಿದರು. ಮತ್ತೆ ಹಿಂದಕ್ಕೇ.

"ಅಪ್ಪಾ, ಆ ಕಡಿ ತಿರುಗ್ಸು."

"ಆ ಕಡಿ ಹೆಂಗ ತಿರುಗ್ಸಲವ್ವಾ? ಮಷಿನ್ ಗಾಲಿ ನನ್ನ ಕಡಿ ತಿರುವಿದ್ರ ಬಟ್ಟಿ ಮುಂದಕ ಹೋಗ್ತೈತಿ. ಉಲ್ಟಾ ತಿರುವಿದ್ರ ದಾರ ಸಿಕ್ಕಾಗ್ತೈತಿ. ನಲವತ್ತು ವರ್ಸದ ಕೈ ಇದು. ಈ ನಿನ್ನ ಡಬ್ಬಿಗೆ ಬುದ್ಧಿ ಇಲ್ಲ!"

"ಪ್ರಾಕ್ಟೀಸ್ ಮಾಡ್ರಿ ಮಾಸ್ಟ್ರೇ, ಬರ್ತೈತಿ" ಎಂದು ನಾನೂ ಉಪದೇಶ ಬಿಗಿದೆ. (ಉಪದೇಶಕ್ಕೆ ನಾನು ಯಾವಾಗಲೂ ರೆಡಿ.)

"ಅಪ್ಪ ಹೇಳೂದು ಖರೆ ಐತಿ ಕಾಕಾ" ಅಂದವಳೇ ಗಂಗಾ ಲ್ಯಾಪ್‌ಟಾಪ್ ತೆರೆದಳು.

ನಾಬಿನಿಂದ ಎರಡು ತಂತಿಗಳಲ್ಲಿ ಸಿಗ್ನಲ್ ಬರುತ್ತದಂತೆ. ಯಾವುದು ಮೊದಲು ಬಂತು ಅನ್ನುವುದರ ಮೇಲೆ ದಿಕ್ಕಿನ ತೀರ್ಮಾನ. ಅಷ್ಟೇ! ಫರ್ಮ್‌ವೇರಿನಲ್ಲಿ (ಕೀಬೋರ್ಡಿನೊಳಗೇ ಕೂತಿರುವ ಪ್ರೋಗ್ರಾಂ) ಆ ಎರಡು ತಂತಿಗಳ ಹೆಸರನ್ನು ಅದಲು ಬದಲು ಮಾಡಿದಳು. ಕೇಬಲ್ ಚುಚ್ಚಿ ತಿದ್ದಿದ ಪ್ರೋಗ್ರಾಂ ಅನ್ನು ಡಬ್ಬಿಗೆ ತುಂಬಿದಳು. ನನ್ನ ಲೋಟದ ಚಹಾ ಇನ್ನೂ ಬಿಸಿಯಿತ್ತು.

ಮಾಸ್ಟ್ರು ತಮ್ಮ ಕಡೆಗೆ ತಿರುಗಿಸಿದರು. ಟಿಕ್. ತುಂಡು ಮುಂದೆ ಹೋಯಿತು. ಟಿಕ್, ಟಿಕ್... ಕೂದಲೆಳೆಯಷ್ಟೂ ಬಟ್ಟೆ ಹಾಳಾಗದಂತೆ ಪಕ್ಕದ ತುಂಡಿಗೆ ಒತ್ತಿಕೊಂಡು ಕೂತಿತು. ಆ ಕೈ ಏನನ್ನೂ ಮರೆತಿರಲಿಲ್ಲ! ನಿಜ ಹೇಳಬೇಕೆಂದರೆ ನನ್ನ ಕಣ್ಣು ಒದ್ದೆಯಾಯಿತು.

ಸೋಮವಾರ ಓನರ್ ಮುಂದೆ ಇಡೀ ಪ್ಯಾಂಟು ಜೋಡಿಸಿ ತೋರಿಸಿದರು. ಮಂಗಳವಾರ ಡಬ್ಬಿಯನ್ನು ಬ್ಯಾಗಿಗೆ ಹಾಕಿಕೊಂಡು ಡ್ಯೂಟಿಗೆ ಹೊರಟರು.

'ಪ್ರಾಕ್ಟೀಸ್ ಮಾಡ್ರಿ' ಅಂತ ಹೇಳಿ ನನ್ನಂಥವರು ಮನೆಯಲ್ಲೇ ಕೂರಿಸಿದ ಕೈಗಳು ಊರಲ್ಲಿ ಇನ್ನೆಷ್ಟಿವೆಯೋ?